ಸಾಲದ ಲೆಕ್ಕ ನಮ್ಮ ತಾಲ್ಲೂಕಿಗೂ ಬರಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಂಧುಗಳೇ,

2023ರ ಮಾರ್ಚ್ 23ರಂದು ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿ ಖರ್ಚಿಗೆ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಒಪ್ಪಿಗೆ ಕೊಟ್ಟಿತು. ರಕ್ಷಣಾ ಇಲಾಖೆಯ ಹಣವೂ ಅದರಲ್ಲೇ ಸೇರಿತ್ತು. ತಪ್ಪು ಯಾವ ಪಕ್ಷದ್ದು ಎನ್ನುವುದು ಆಮೇಲಿನ ಮಾತು. ನಮ್ಮ ಪರವಾಗಿ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಅಂದು ಯಾರೂ ಕೇಳಲಿಲ್ಲ.

ಸೈನ್ಯಕ್ಕೆ ಹೆಚ್ಚು ಕೊಟ್ಟರೆ ಬಡವರ ಅನ್ನಕ್ಕೆ ಕುತ್ತು, ಗ್ಯಾರಂಟಿ ಯೋಜನೆಗಳಿಗೆ ಕೊಟ್ಟರೆ ದೇಶಕ್ಕೆ ಕುತ್ತು ಎಂದು ನಮ್ಮನ್ನು ಎರಡು ಬಣ ಮಾಡುತ್ತಾರೆ. ಆದರೆ 2025–26ರ ಕೇಂದ್ರ ಬಜೆಟ್ ನೋಡಿ. ಒಟ್ಟು ವೆಚ್ಚ 50.65 ಲಕ್ಷ ಕೋಟಿ. ರಕ್ಷಣೆಗೆ 6.81 ಲಕ್ಷ ಕೋಟಿ. ಸಾಲದ ಬಡ್ಡಿಗೆ 12.76 ಲಕ್ಷ ಕೋಟಿ! ಅದೇ ವರ್ಷ ನಮ್ಮ ರಾಜ್ಯದ 4.09 ಲಕ್ಷ ಕೋಟಿಯ ಬಜೆಟ್ಟಿನಲ್ಲೂ 1.16 ಲಕ್ಷ ಕೋಟಿ ಹೊಸ ಸಾಲ. ಡೀಸೆಲ್, ಸಿಮೆಂಟು, ಸೋಪು ಕೊಳ್ಳುವಾಗಲೆಲ್ಲ ಈ ಸಾಲ, ಬಡ್ಡಿಯ ಪಾಲು ತೆರುವವರು ನಾವೇ.

ಸಾಲವೇ ಕೂಡದು ಎಂಬ ವಾದ ನನ್ನದಲ್ಲ, ಬಾಳುವ ಕೆಲಸಕ್ಕೆ ಹೋದ ಹಣ ವ್ಯರ್ಥವಲ್ಲ. ಯೋಜನಾ ಆಯೋಗ ಒಪ್ಪದಿದ್ದರೂ ರಾಜ್ಯ ತನ್ನ ಬೊಕ್ಕಸದಿಂದಲೇ ಹಣ ಹೊಂದಿಸಿ ಗೊರೂರಿನಲ್ಲಿ ಹೇಮಾವತಿಗೆ ಅಣೆ ಕಟ್ಟಿತು. ಊರು, ಗದ್ದೆ ಕಳೆದುಕೊಂಡವರ ನೋವು ಇನ್ನೂ ಆರಿಲ್ಲ, ಅದನ್ನು ಮರೆಯಬಾರದು. ಆದರೂ ಆ ಖರ್ಚು ಇಂದಿಗೂ ನಾಲೆಯಲ್ಲಿ ಹರಿಯುತ್ತಿದೆ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996ರ ಸುಮಾರಿಗೆ, ಪೂರ್ತಿಯಾಗಿದ್ದು 2017ರಲ್ಲಿ; ತಡವಾದರೂ ಅದೂ ಬಾಳುವ ಕೆಲಸವೇ. ಕೊಳವೆಬಾವಿಗೆ ಸಾಲ ಮಾಡುವುದೇ ಬೇರೆ, ಬಡ್ಡಿ ಕಟ್ಟಲು ಕೈಸಾಲ ಮಾಡುವುದೇ ಬೇರೆ. ಸರ್ಕಾರ ತರುವ ಸಾಲದಲ್ಲಿ ಯಾವುದು ಯಾವ ಬಗೆಯದು ಎಂದು ನಮಗೆ ಬಿಡಿಸಿ ಹೇಳಬೇಕು.

ರಕ್ಷಣೆಯ ಲೆಕ್ಕವೂ ಇದಕ್ಕೆ ಹೊರತಲ್ಲ. ಆ 6.81 ಲಕ್ಷ ಕೋಟಿಯಲ್ಲಿ 1.61 ಲಕ್ಷ ಕೋಟಿ ಪಿಂಚಣಿಗೆ ಇಟ್ಟದ್ದು. ದೇಶ ಕಾದವರಿಗೆ ಅದು ಸಲ್ಲಲೇಬೇಕು. ಆದರೆ 2022ರಲ್ಲಿ ಬಂದ ಅಗ್ನಿಪಥ ಸೇನಾ ಭರ್ತಿ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಹೆಚ್ಚೆಂದರೆ ಶೇ 25ರಷ್ಟು ಮಂದಿಗೆ ಕೆಲಸ ಮುಂದುವರಿಯುತ್ತದೆ, ಉಳಿದವರಿಗೆ ಪಿಂಚಣಿಯೂ ಇಲ್ಲ. ಬೆಳಗಿನ ಜಾವ ಮೈದಾನದಲ್ಲಿ ಓಡಿ ಸೇನಾ ಭರ್ತಿಗೆ ತಯಾರಾಗುವ ನಮ್ಮ ಹುಡುಗರ ಮನೆಯವರು ಇದರಿಂದ ಉಳಿಯುವ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ಕೇಳಬೇಡವೇ?

ಲೆಕ್ಕ ಕೇಳುವುದು ನಮಗೆ ಗೊತ್ತಿಲ್ಲದ್ದಲ್ಲ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕ ಪರಿಶೀಲಿಸುವ ಜಮಾಬಂದಿಯಲ್ಲಿ ಕಡತ ತೆರೆಸಿ, ಚರಂಡಿ ಆದ ಕಡೆಗೇ ಹೋಗಿ ಟೇಪು ಹಿಡಿದು ಅಳೆದು, ಬಿಲ್ಲಿನಲ್ಲಿ ಬರೆದ ಉದ್ದಕ್ಕೆ ತಾಳೆ ನೋಡಬಹುದು. ಎಷ್ಟೋ ಊರಲ್ಲಿ ಅಂದು ಹತ್ತು ಜನವೂ ಸೇರುವುದಿಲ್ಲ. ದಯವಿಟ್ಟು ಹೋಗಿ. ಹೆಣ್ಣುಮಕ್ಕಳೂ ಸ್ವಸಹಾಯ ಸಂಘದವರನ್ನು ಕರೆದುಕೊಂಡು ಹೋಗಿ. ಸಂಘದ ಲೆಕ್ಕದ ಪುಸ್ತಕ ಬರೆಯುವ ಅವರ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ.

ನಮ್ಮ ನಾಲ್ಕೂ ತಾಲ್ಲೂಕಿಗೆ ಇರುವುದು ಒಬ್ಬರೇ ಸಂಸದರು. ಬಜೆಟ್ ಅಧಿವೇಶನಕ್ಕೆ ಮೊದಲು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಒಂದು ದಿನ ಕುಳಿತು ಜನರ ಮಾತು ಕೇಳಿ, ರಕ್ಷಣೆ ಮತ್ತು ಸಾಲದ ಬಗ್ಗೆ ಸದನದಲ್ಲಿ ಪ್ರಶ್ನೆ ಎತ್ತಿ ಎಂದು ಅವರಿಗೆ ಒಂದು ಕಾಗದ ಬರೆಯಿರಿ. ರಾಜ್ಯದ ಸಾಲದ ಬಗ್ಗೆ ಹಾಗೇ ನಿಮ್ಮ ಶಾಸಕರಿಗೂ ಬರೆಯಿರಿ. ಹೆಸರು, ಊರು ಹಾಕಿ, ಉತ್ತರ ಬೇಕೆಂದು ಸ್ಪಷ್ಟವಾಗಿ ಕೇಳಿ. ಉತ್ತರ ಬಂದರೆ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿ. ಬಾರದಿದ್ದರೆ ನೀವು ಬರೆದ ಕಾಗದದ ನಕಲನ್ನೇ ಅಂಟಿಸಿ.