ಜೋಳಿಗೆಯ ಕೂಸಿಗೆ ಚಳಿ ಕೆಳಗಿನಿಂದ

ಕಬ್ಬು ಕಡಿಯುವ ಹಂಗಾಮು. ಐಗಳಿಯ ಹೊಲಗಳಲ್ಲಿ ಕೂಲಿಕಾರರ ಕೂಸುಗಳು ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತವೆ. ಮೇಲೆ ಎರಡು ಕೌದಿ ಹೊದಿಸಿದರೂ ಮೈ ತಣ್ಣಗೇ ಇರುವುದೇಕೆ? ಕೆಳಗೆ ಬೀಸುವ ಗಾಳಿಯನ್ನು ತೆಳುವಾದ ಸೀರೆ ತಡೆಯದು. ಭಾರದ ಹೊದಿಕೆ ಮುಖಕ್ಕೆ ಬಿದ್ದರೆ ಉಸಿರು ಕಟ್ಟುವ ಭಯ ಬೇರೆ.

ಕೌದಿಯನ್ನು ಜೋಳಿಗೆಯ ಹೊರಗೆ, ತಳಭಾಗಕ್ಕೆ ಕಟ್ಟಿಸಿರಿ. ತಲೆಗೆ ಕುಲಾವಿ ಇರಲಿ. ರಾತ್ರಿ ಜೋಳಿಗೆ ಬೇಡ. ಎಳೆಗೂಸಿಗೆ ತಾಯಿಯ ಮೈಶಾಖವೇ ಒಳ್ಳೆಯದು. ಮುಚ್ಚಿದ ಗುಡಿಸಲಿನಲ್ಲಿ ಕೆಂಡ ಇಡಲೇಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ.

ಪಾದ ಮಾತ್ರ ತಣ್ಣಗಿದ್ದರೆ ಕೂಸಿಗೆ ಚಳಿಯಾಗಿದೆ, ಕೂಡಲೇ ಬೆಚ್ಚಗೆ ಮಾಡಬೇಕು. ಹೊಟ್ಟೆಯೂ ತಣ್ಣಗಿದ್ದರೆ ಅಥವಾ ಹಾಲು ಕುಡಿಯದಿದ್ದರೆ, ತಾಯಿ ಎದೆಗಪ್ಪಿಕೊಂಡೇ ಆಸ್ಪತ್ರೆಗೆ ಒಯ್ಯಲಿ.

ಹೊಲದ ಯಜಮಾನರೇ, ಕಬ್ಬು ನಿಮ್ಮದು. ಕೂಲಿಯ ಜೊತೆ ಕೂಸಿಗೊಂದು ಕೌದಿ ಕೊಡುವುದೂ ನಿಮ್ಮ ಹೊಣೆಯೆಂದೇ ನನ್ನ ಅಭಿಪ್ರಾಯ.