ಒಂದೇ ಬಳ್ಳಿಯ ಮೂರು ಕಾಯಿಗಳು

ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಈ ಮೂರನ್ನೂ ನಾವು ಬೇರೆ ಬೇರೆ ತೊಂದರೆಗಳೆಂದು ಎಣಿಸುತ್ತ ಬಂದಿದ್ದೇವೆ. ಸಕ್ಕರೆಗೊಂದು ಮಾತ್ರೆ, ಒತ್ತಡಕ್ಕೊಂದು ಮಾತ್ರೆ. ಬೊಜ್ಜಿಗಂತೂ ಚಿಕಿತ್ಸೆಯೇ ಬೇಕಿಲ್ಲವೆಂಬ ಭಾವನೆ. ನಡುವಯಸ್ಸಿನಲ್ಲಿ ಹೊಟ್ಟೆ ಮುಂದೆ ಬಂದರೆ 'ಮೈಕೈ ತುಂಬಿಕೊಂಡಿದ್ದಾರೆ' ಎಂದು ಮೆಚ್ಚುವವರೇ ಹೆಚ್ಚು. ಆದರೆ ಈ ಮೂರೂ ಒಂದೇ ಬಳ್ಳಿಯ ಕಾಯಿಗಳು. ಸೊಂಟದ ಸುತ್ತಳತೆಯನ್ನು ಮರೆತು ರಕ್ತದೊತ್ತಡಕ್ಕಷ್ಟೇ ಮದ್ದು ಮಾಡುವುದು ಅರ್ಧ ಚಿಕಿತ್ಸೆಯೇ ಸರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ನಮ್ಮ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹ, ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ, ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು ಇದೆಯೆಂದು ತಿಳಿಸಿತು. ಇವು ಒಬ್ಬರಲ್ಲಿಯೇ ಜೊತೆಯಾಗಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ಇನ್ಸುಲಿನ್‌ಗೆ ದೇಹವು ಸರಿಯಾಗಿ ಸ್ಪಂದಿಸದಿರುವುದೇ ಸಕ್ಕರೆಯ ಏರಿಕೆ, ರಕ್ತದೊತ್ತಡ ಹಾಗೂ ರಕ್ತದಲ್ಲಿನ ಕೊಬ್ಬಿನ ಏರುಪೇರುಗಳನ್ನು ಬೆಸೆಯುವ ಕೊಂಡಿ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ಅವರು 1988ರಲ್ಲಿಯೇ ಪ್ರತಿಪಾದಿಸಿದ್ದರು.

ಈ ಕೊಂಡಿ ಕೆಲಸ ಮಾಡುವ ಬಗೆಯನ್ನು ಸರಳವಾಗಿ ಹೀಗೆ ವಿವರಿಸಬಹುದು. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಶೇಖರವಾದ ಕೊಬ್ಬು ಸುಮ್ಮನೆ ಬಿದ್ದಿರುವ ಹೊರೆಯಲ್ಲ. ರಕ್ತನಾಳಗಳನ್ನು ಸಂಕುಚಿತಗೊಳಿಸಲು ನೆರವಾಗುವ ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಪರಿಣಾಮವನ್ನು ಕುಂದಿಸುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಹೆಚ್ಚಾದ ಇನ್ಸುಲಿನ್ ಮೂತ್ರಪಿಂಡಗಳು ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಉಪ್ಪಿನೊಂದಿಗೆ ನೀರೂ ಉಳಿಯುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಇತ್ತ ಏರಿದ ಸಕ್ಕರೆಯು ರಕ್ತನಾಳಗಳ ಒಳಪದರವನ್ನು ಹಾಳುಗೆಡವಿ ಅವುಗಳನ್ನು ಪೆಡಸಾಗಿಸುತ್ತದೆ. ಪೆಡಸಾದ ನಾಳದಲ್ಲಿ ಒತ್ತಡ ಮತ್ತಷ್ಟು ಹೆಚ್ಚುವುದು ಸಹಜವಷ್ಟೆ.

ಸಕ್ಕರೆ ಮತ್ತು ಒತ್ತಡ ಎರಡೂ ಸೇರಿ ಮೂತ್ರಪಿಂಡ, ಕಣ್ಣು, ಹೃದಯ ಮತ್ತು ಮಿದುಳಿನ ಮೇಲೆ ಎರಗುತ್ತವೆ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಅಲೆಯುವ ಸ್ಥಿತಿ ಬಂದರೆ ರೋಗಿಯೊಬ್ಬನೇ ಅಲ್ಲ, ಇಡೀ ಸಂಸಾರವೇ ಬಳಲುತ್ತದೆ. ಇದನ್ನು ಬಹುಮಟ್ಟಿಗೆ ತಡೆಯಬಹುದು ಎಂಬುದೇ ಸಮಾಧಾನದ ಸಂಗತಿ. ಬ್ರಿಟನ್ನಿನಲ್ಲಿ ಮಧುಮೇಹಿಗಳನ್ನು ಹಲವು ವರ್ಷ ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಕ್ತದೊತ್ತಡವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇ. 44ರಷ್ಟು ಕಡಿಮೆಯಾಗಿತ್ತು. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಮಾತ್ರ ನೋಡಿಕೊಂಡರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಆದರೂ ಕೆಲವು ತಪ್ಪು ನಂಬಿಕೆಗಳು ನಮ್ಮನ್ನು ಬಿಟ್ಟಿಲ್ಲ. ಸಸ್ಯಾಹಾರಿಗಳಾದ ನಮಗೆ ಈ ರೋಗಗಳ ಭಯವಿಲ್ಲ ಎಂಬುದು ಮೊದಲನೆಯದು. ತಟ್ಟೆಯ ತುಂಬ ಅನ್ನ, ಮೇಲೆ ಹೋಳಿಗೆ, ಪಕ್ಕದಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಇದ್ದರೆ ಪಿಷ್ಟ, ಸಕ್ಕರೆ, ಎಣ್ಣೆ, ಉಪ್ಪು ನಾಲ್ಕೂ ಒಮ್ಮೆಗೇ ಒಳಸೇರುತ್ತವೆ. ಬೆಲ್ಲದಿಂದ ತೊಂದರೆಯಿಲ್ಲ ಎಂಬುದು ಎರಡನೆಯದು. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬೆಲ್ಲವೂ ಹಿಂದೆ ಬಿದ್ದಿಲ್ಲ. ತಲೆನೋವು, ತಲೆಸುತ್ತು ಇಲ್ಲದಿದ್ದರೆ ಒತ್ತಡವೂ ಇಲ್ಲ ಎಂದು ಮಾತ್ರೆ ನಿಲ್ಲಿಸುವುದು ಮೂರನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದುದು. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆಯೇ ಹಾನಿ ಮಾಡುತ್ತದೆ. ತೆಳ್ಳಗಿರುವವರಿಗೂ ಅದು ಬರಬಹುದು. ವಂಶ, ವಯಸ್ಸು, ಉಪ್ಪು, ತಂಬಾಕು, ಮದ್ಯ ಇವೂ ಕಾರಣಗಳೇ. ಆದುದರಿಂದ ಪರೀಕ್ಷೆ ಎಲ್ಲರಿಗೂ ಅಗತ್ಯ.

ಹಾಗಾದರೆ ಮಾಡಬೇಕಾದುದೇನು? ಮೊದಲು ಅಳೆಯಬೇಕು. ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ಮೀರಬಾರದು. ಬರಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100 ಮಿ.ಗ್ರಾಂ. ಒಳಗಿರಬೇಕು, 126 ಮುಟ್ಟಿದರೆ ಮಧುಮೇಹದ ಸೂಚನೆ. ರಕ್ತದೊತ್ತಡ ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಹೆಚ್ಚಿದ್ದರೆ ಚಿಕಿತ್ಸೆಗೆ ವೈದ್ಯರನ್ನು ಕಾಣಬೇಕು. ದಿನದ ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಲಿ. ಅರ್ಧ ತಟ್ಟೆ ಸೊಪ್ಪು ತರಕಾರಿ, ಮಿತವಾಗಿ ರೊಟ್ಟಿ ಅಥವಾ ಮುದ್ದೆ, ಜೊತೆಗೆ ಬೇಳೆಕಾಳು ಇರಲಿ. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ತಪ್ಪದಿರಲಿ. ತೂಕ ಒಂದು ಕಿಲೋ ಇಳಿದರೆ ಮೇಲಿನ ಒತ್ತಡ ಸುಮಾರು ಒಂದು ಅಂಕ ಇಳಿಯುತ್ತದೆ. ಐದಾರು ಕಿಲೋ ಇಳಿಸಿದವರಿಗೆ ಅದು ಸಣ್ಣ ಲಾಭವಲ್ಲ. ಆದರೆ ಮಾತ್ರೆಯನ್ನು ಕಡಿಮೆ ಮಾಡುವುದು, ನಿಲ್ಲಿಸುವುದು ವೈದ್ಯರ ನಿರ್ಧಾರವೇ ಹೊರತು ನಮ್ಮದಲ್ಲ.

ಇದು ಒಬ್ಬೊಬ್ಬರ ಸಂಯಮದಿಂದ ಮಾತ್ರ ಆಗುವ ಕೆಲಸವೂ ಅಲ್ಲ. ಊರೂರಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಒತ್ತಡ ಮಾಪಕ ಮತ್ತು ಸಕ್ಕರೆ ಪರೀಕ್ಷೆಯ ಪಕ್ಕದಲ್ಲಿ ಒಂದು ಅಳತೆ ಟೇಪೂ ಇರಲಿ. ಮೂರೂ ಅಂಕಿಗಳನ್ನು ಒಂದೇ ಚೀಟಿಯಲ್ಲಿ ಬರೆದುಕೊಡಲಿ. ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ ಬೇಡವೆಂದವರಿಗೆ 'ಇನ್ನೊಂದು ಹೋಳಿಗೆ' ಎಂದು ಒತ್ತಾಯಿಸುವ ಉಪಚಾರವನ್ನು ಬಿಡೋಣ. ಉಣ್ಣುವವರ ಹಸಿವನ್ನು ನೋಡುವಷ್ಟೇ ಅಕ್ಕರೆಯಿಂದ ಅವರ ಆರೋಗ್ಯವನ್ನೂ ನೋಡುವುದು ನಿಜವಾದ ಆತಿಥ್ಯ. ದುಡಿಯುವ ಕೈಗಳಿಗೂ ನಡೆಯುವ ಕಾಲುಗಳಿಗೂ ಆಸರೆಯಾದ ಈ ದೇಹವನ್ನು ಕಾಪಾಡಿಕೊಳ್ಳುವ ಹೊಣೆ ನಮ್ಮೆಲ್ಲರದು.