ತೇಗಕ್ಕೆ ಹೊಳಪು, ದುಡಿಯುವವನಿಗೆ ದೂಳು

ದೋಣಿಯ ಹೊರಮೈಯ ತೇಗಕ್ಕೆ ವಾರ್ನಿಷ್ ಹಚ್ಚುವುದೆಂದರೆ ಹೊಟೇಲಿನ ಮೇಜಿಗೆ ಪಾಲಿಶ್ ಕೊಟ್ಟಂತಲ್ಲ. ಮನೆಯೊಳಗಿನ ಮರಕ್ಕೆ ಸಾಲುವ ಎರಡು ಲೇಪಗಳು ಕಡಲ ಬಿಸಿಲಿನಲ್ಲಿ ಹೆಚ್ಚು ದಿನ ನಿಲ್ಲಲಾರವು. ಇದನ್ನರಿಯದ ಮಾಲಿಕರು ಎರಡೇ ದಿನದಲ್ಲಿ ಕೆಲಸ ಮುಗಿಸೆಂದು ಅವಸರಪಡಿಸುವುದೂ, ಲೇಪ ಹಕ್ಕಳೆಯೆದ್ದು ಉದುರಿದಾಗ ಕೆಲಸಗಾರನ ಕೂಲಿಯನ್ನು ಹಿಡಿಯುವುದೂ ನ್ಯಾಯವಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ತೇಗದ ಬಲ ಮುಂಬಯಿಗೆ ಹೊಸತಲ್ಲ. ವಾಡಿಯಾ ಮನೆತನದವರು ಇಲ್ಲಿನ ಡಾಕ್‌ಯಾರ್ಡಿನಲ್ಲಿ ಮಲಬಾರದ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲೀ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಬರಿಯ ತೇಗ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗೀತೇ ಹೊರತು ಬೇಗನೆ ಕೊಳೆಯದು. ವಾರ್ನಿಷ್ ಬೇಕಾಗುವುದು ಹೊಂಬಣ್ಣಕ್ಕಾಗಿ, ಅಂದರೆ ಮಾಲಿಕರ ಶೋಕಿಗಾಗಿ. ಶೋಕಿಗೆ ನಮ್ಮ ಆಕ್ಷೇಪವಿಲ್ಲ. ಅದರ ಖರ್ಚನ್ನು ಅವರೇ ಹೊರಲಿ.

ಆ ಖರ್ಚೆಷ್ಟೆಂಬುದನ್ನು ಕೆಲಸದ ಕ್ರಮವೇ ಹೇಳುತ್ತದೆ. ತೇಗದಲ್ಲಿರುವ ಸಹಜ ಎಣ್ಣೆ ವಾರ್ನಿಷನ್ನು ಅಂಟಗೊಡುವುದಿಲ್ಲ. ಹಳೆಯ ಲೇಪವನ್ನು ಕೆರೆದು, ಮೊದಲು 80ರ, ಕಡೆಗೆ 220ರ ಮರಳುಕಾಗದದಿಂದ ತಿಕ್ಕಿ, ಅಸಿಟೋನ್ ಬಟ್ಟೆಯಿಂದ ಎಣ್ಣೆ ಒರೆಸಿ, ಅದು ಮತ್ತೆ ಮೇಲೇರುವ ಮುನ್ನವೇ ಮೊದಲ ಲೇಪ ಕೊಡಬೇಕು. ಈ ಲೇಪ ಅರ್ಧಕ್ಕರ್ಧ ತೆಳುವಾಗಿದ್ದರೆ ಮರದೊಳಕ್ಕೆ ಇಳಿಯುತ್ತದೆ. ಹಲಗೆಯ ತುದಿಗಳು ನೀರು ಕುಡಿಯುವ ಬಾಯಿಗಳು. ಅಲ್ಲಿ ಎರಡು ಪಟ್ಟು ತಿನ್ನಿಸಬೇಕು. ಬಳಿಕ ಕ್ರಮೇಣ ಮಂದವಾಗಿ ಆರೆಂಟು ಲೇಪಗಳು; ಒಂದೊಂದೂ ರಾತ್ರಿಯಿಡೀ ಒಣಗಬೇಕು, ನಡುನಡುವೆ ಹಗುರಾಗಿ ತಿಕ್ಕಬೇಕು. ನಡುಹಗಲ ಬಿಸಿಲಿನಲ್ಲಿ ಹಚ್ಚಿದರೆ ಗುಳ್ಳೆ, ಸಂಜೆಯ ಇಬ್ಬನಿ ಬಿದ್ದರೆ ಮಂಕು. ಲೆಕ್ಕ ಹಾಕಿ ನೋಡಿ: ವಾರಕ್ಕೂ ಮೀರುತ್ತದೆ. ಅಷ್ಟಾದರೂ ಬಿಸಿಲಿನ ಅತಿನೇರಳೆ ಕಿರಣ ಪಾರದರ್ಶಕ ಲೇಪವನ್ನು ದಾಟಿ ಮರದ ಮೇಲ್ಪದರವನ್ನೇ ಸಡಿಲಿಸುವುದರಿಂದ, ಬಿರುಕು ಕಾಣುವ ಮೊದಲೇ ವರ್ಷಕ್ಕೊಮ್ಮೆಯಾದರೂ ಹೊಸ ಲೇಪ ಬೇಕು. (ಜನ ನಡೆಯುವ ಅಟ್ಟಕ್ಕಂತೂ ವಾರ್ನಿಷ್ ಬೇಡವೇ ಬೇಡ, ಒದ್ದೆಯಾದರೆ ಕಾಲು ಜಾರುತ್ತದೆ.)

ಇನ್ನು ದೂಳಿನ ಮಾತು. ಹತ್ತಿಯ ದೂಳು ಎದೆಗೆ ಏನು ಮಾಡುತ್ತದೆಂಬುದನ್ನು ಗಿರಣಿಯಲ್ಲಿ ದುಡಿದವರಿಗೆ ನಾವು ಹೇಳಬೇಕಾಗಿಲ್ಲ. ಮರದ ದೂಳು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ತೇಗದ ದೂಳಿನಿಂದ ಚರ್ಮದ ತುರಿಕೆಯೂ ಬರುತ್ತದೆ. ಆದರೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ತಿಕ್ಕುವವರೇ ಹೆಚ್ಚು. ಕರವಸ್ತ್ರ ಸಣ್ಣ ದೂಳನ್ನೂ ತಡೆಯದು, ತಿನ್ನರಿನ ಆವಿಯನ್ನೂ ತಡೆಯದು. ವಾರ್ನಿಷ್ ಎಣ್ಣೆ ಹೀರಿದ ಚಿಂದಿಗಳನ್ನು ಗುಡ್ಡೆ ಹಾಕಿದರೆ ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ಬಿಡಿಬಿಡಿಯಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು.

ಈ ಕೆಲಸಕ್ಕೆ ಹೋಗುವ ನಮ್ಮ ಬಂಧುಗಳು ಗುತ್ತಿಗೆ ಮಾತಾಡುವಾಗಲೇ ಲೇಪಗಳ ಸಂಖ್ಯೆ, ಕೆಲಸದ ದಿನಗಳು, ಮುಖಕವಚ ಕೈಗವಸುಗಳ ಖರ್ಚು ಯಾರದೆಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಮಳೆ ಬಂದು ಕೆಲಸ ನಿಂತ ದಿನದ ಕೂಲಿಯ ಮಾತೂ ಅದೇ ಚೀಟಿಯಲ್ಲಿರಲಿ.